ಸಬ್ಮಿಟ್ ಒತ್ತಿರಲಿಲ್ಲ, ಆದರೂ ಅಮ್ಮನ ಕಾಯಿಲೆ ಚಿಕ್ಕಮ್ಮನಿಗೆ ಗೊತ್ತಾಯಿತು

ಅಮ್ಮನಿಗೆ ಆರೋಗ್ಯ ವಿಮೆ ಮಾಡಿಸಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಅವರಿಗೆ ಈಗ 61. 2025ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ 18% ಜಿಎಸ್‌ಟಿ ತೆಗೆದರಲ್ಲ, ಆಗ ಇನ್ನು ತಡ ಮಾಡಬಾರದು ಅನ್ನಿಸಿತು.

ಒಂದು ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದು ಕೂತೆ. ಬೇರೆ ಬೇರೆ ಕಂಪನಿಗಳ ಪಾಲಿಸಿಗಳನ್ನು ಪಕ್ಕಪಕ್ಕ ಇಟ್ಟು ಬೆಲೆ ತೋರಿಸುವ ಒಂದು ವೆಬ್‌ಸೈಟ್ ತೆರೆದೆ. ಹೆಸರು ಬರೆಯುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ಜಾಗ್ರತೆಗೆ ಅಂತ ಇನ್‌ಕಾಗ್ನಿಟೊದಲ್ಲೇ ತೆರೆದಿದ್ದೆ. ಮೊದಲ ಪುಟದಲ್ಲಿ ಹೆಸರು, ಮೊಬೈಲ್ ನಂಬರ್, ಪಿನ್‌ಕೋಡ್. ಎರಡನೆಯದರಲ್ಲಿ ಯಾರಿಗೆ ಪಾಲಿಸಿ, ವಯಸ್ಸೆಷ್ಟು. ಮೂರನೆಯದರಲ್ಲಿ ಕಾಯಿಲೆಗಳ ಸಾಲು. ಇರುವುದಕ್ಕೆ ಟಿಕ್ ಹಾಕಬೇಕು. ಅಮ್ಮನಿಗೆ ನಾಲ್ಕು ವರ್ಷದ ಹಿಂದೆ ಒಂದು ಆಪರೇಷನ್ ಆಗಿತ್ತು. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಇಷ್ಟನ್ನೂ ಅಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. ಅಪ್ಪ, ನಾನು, ತಮ್ಮ, ಈ ಮೂವರನ್ನು ಬಿಟ್ಟರೆ ಆ ವಿಷಯ ಯಾರಿಗೂ ಗೊತ್ತಿರಲಿಲ್ಲ. ಅಮ್ಮನಿಗೆ ಹಾಗೇ ಇರಬೇಕಿತ್ತು.

ಆ ಕಾಯಿಲೆಗೆ ಟಿಕ್ ಹಾಕಿದೆ. ಪ್ರೀಮಿಯಂ ತೋರಿಸುವ ಮೊದಲು ಇನ್ನೂ ಏನೇನೋ ಕೇಳತೊಡಗಿತು. ಬೇಸರವಾಗಿ ಮುಚ್ಚಿಬಿಟ್ಟೆ. ಕೊನೆಯ ಸಬ್ಮಿಟ್ ಬಟನ್ ಒತ್ತಲೇ ಇಲ್ಲ. ಒತ್ತಿಲ್ಲ ಅಂದ ಮೇಲೆ ಏನೂ ಹೋಗಿರುವುದಿಲ್ಲ ಅಂತ ನಂಬಿದ್ದೆ.

ಬೆಳಿಗ್ಗೆ ಒಂಬತ್ತೂವರೆಗೆ ಕರೆ ಬಂತು. ಆವತ್ತು ದಾವಣಗೆರೆಯಿಂದ ಚಿಕ್ಕಮ್ಮ ಬಂದಿದ್ದರು. ನಾನು ಅಡುಗೆಮನೆಯಲ್ಲಿ ದೋಸೆ ಹಾಕುತ್ತಿದ್ದೆ, ಫೋನ್ ಹಾಲ್‌ನಲ್ಲಿ ಚಾರ್ಜ್‌ಗೆ ಇತ್ತು. ಚಿಕ್ಕಮ್ಮ ತೆಗೆದುಕೊಂಡು ಸ್ಪೀಕರ್ ಹಾಕಿದರು. ಆ ಕಡೆಯ ಹುಡುಗಿ ಯಾರು ಮಾತಾಡುತ್ತಿದ್ದಾರೆ ಅಂತಲೂ ಕೇಳಲಿಲ್ಲ. 'ಮೇಡಂ, ನಿನ್ನೆ ನಿಮ್ಮ ತಾಯಿಯವರಿಗೆ ಪಾಲಿಸಿ ನೋಡ್ತಾ ಇದ್ರಲ್ಲ? ಅವರಿಗೆ ಇಂಥ ತೊಂದರೆ ಇದೆ ಅಂತ ಹಾಕಿದ್ದೀರಿ, ಆಪರೇಷನ್ ಆಗಿ ಎಷ್ಟು ವರ್ಷ ಆಯ್ತು?' ಕಾಯಿಲೆಯ ಹೆಸರು ಹೇಳಿಯೇ ಕೇಳಿದಳು. ಅಮ್ಮ ಅಲ್ಲೇ ಸೋಫಾದ ಮೇಲೆ ಕೂತು ಹೂ ಕಟ್ಟುತ್ತಿದ್ದರು.

ಚಿಕ್ಕಮ್ಮ ಫೋನ್ ಕೆಳಗಿಟ್ಟು, 'ಅಕ್ಕಾ, ನನ್ನ ಹತ್ರನೂ ಮುಚ್ಚಿಟ್ಟೆಯಾ?' ಅಂತ ಅತ್ತುಬಿಟ್ಟರು. ಅಮ್ಮ ಅವರಿಗೆ ಏನೂ ಹೇಳಲಿಲ್ಲ. ಸಂಜೆ ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದರು. 'ಅವರಿಗೆ ನೀನೇ ಹೇಳಿದ್ದಾ?' ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ.

ಆ ವಾರದಲ್ಲಿ 43 ಕರೆ ಬಂದವು. ಮೂರನೇ ದಿನದಿಂದ ಬರೆದಿಡಲು ಶುರು ಮಾಡಿದೆ, ಮೊದಲಿನದನ್ನು ಕಾಲ್ ಲಾಗ್ ನೋಡಿ ಸೇರಿಸಿದೆ. ಹೆಚ್ಚಿನವು ಮಾಮೂಲಿ ಹತ್ತಂಕಿಯ ಮೊಬೈಲ್ ನಂಬರ್‌ಗಳಿಂದ. ನಾನು ಹೆಸರೇ ಕೇಳದ ಏಜೆಂಟರೂ ಇದ್ದರು. ಎಲ್ಲರಿಗೂ ಅಮ್ಮನ ವಯಸ್ಸು ಗೊತ್ತಿತ್ತು.

ಇದು ಹೇಗೆ ಆಗುತ್ತದೆ ಅಂತ ನನಗೆ ತೋರಿಸಿದ್ದು ತಮ್ಮನ ಗೆಳೆಯ. ಬೆಂಗಳೂರಿನಲ್ಲಿ ವೆಬ್‌ಸೈಟ್ ಮಾಡುವ ಕೆಲಸ ಅವನದು. ಭಾನುವಾರ ಬಂದಾಗ ಲ್ಯಾಪ್‌ಟಾಪ್‌ನಲ್ಲಿ ಅದೇ ಸೈಟ್ ತೆರೆದು, ಎಫ್12 ಒತ್ತಿ, ನೆಟ್‌ವರ್ಕ್ ಅನ್ನುವ ಭಾಗ ತೋರಿಸಿದ. ಪುಟದಿಂದ ಹೊರಗೆ ಹೋಗುವ ಪ್ರತಿಯೊಂದು ಮಾಹಿತಿಯೂ ಅಲ್ಲಿ ಒಂದು ಸಾಲಾಗಿ ಕಾಣುತ್ತದೆ. ಸುಳ್ಳು ಹೆಸರು ಹಾಕಿ, ತನ್ನ ಹಳೆಯ ಸಿಮ್‌ನ ನಂಬರ್ ಬರೆದ. ಹತ್ತನೇ ಅಂಕಿ ಬಿದ್ದ ಕೂಡಲೇ ಒಂದು ಸಾಲು ಹೊರಟಿತು. 'ಮುಂದೆ' ಬಟನ್ ಇನ್ನೂ ಮುಟ್ಟಿರಲಿಲ್ಲ. ಕಾಯಿಲೆಗೆ ಟಿಕ್ ಹಾಕಿ ಮುಂದಿನ ಪುಟಕ್ಕೆ ಹೋದಾಗ ಮೇಲಿನ ವಿಳಾಸದ ಸಾಲನ್ನು ನೋಡಲು ಹೇಳಿದ. ಕಾಯಿಲೆಯ ಇಂಗ್ಲಿಷ್ ಹೆಸರು ಅಲ್ಲೇ, ಪುಟದ ವಿಳಾಸದ ಒಳಗೇ ಇತ್ತು. ಸೈಟಿನವರು ಇಂಥ ಪುಟಗಳಲ್ಲಿ ಜಾಹೀರಾತು ಕಂಪನಿಯ ಪಿಕ್ಸೆಲ್ ಅನ್ನುವ ಸಣ್ಣ ಕೋಡ್ ಹಾಕಿರುತ್ತಾರೆ. ನೀವು ಯಾವ ಪುಟ ನೋಡಿದಿರಿ ಅಂತ ಅದು ಆ ಕಂಪನಿಗೆ ತಿಳಿಸುತ್ತದೆ. ಪುಟದ ವಿಳಾಸದಲ್ಲೇ ಕಾಯಿಲೆ ಇದ್ದರೆ ಕಾಯಿಲೆಯೂ ಜೊತೆಗೆ ಹೋಗುತ್ತದೆ.

ಇನ್ನೊಂದು ಸಾಲನ್ನೂ ತೋರಿಸಿದ. ಅದು ಸೆಷನ್ ರಿಪ್ಲೇ ಅಂತೆ. ಬೆರಳು ಎಲ್ಲಿ ಮುಟ್ಟಿತು, ಎಲ್ಲಿ ನಿಂತಿತು, ಏನು ಬರೆದು ಏನು ಅಳಿಸಿದೆವು, ಇದನ್ನೆಲ್ಲ ದಾಖಲಿಸಿ ಆಮೇಲೆ ವಿಡಿಯೊ ನೋಡಿದ ಹಾಗೆ ನೋಡಬಹುದಂತೆ. ಬರೆದದ್ದನ್ನು ಮರೆಮಾಡುವ ಸೌಲಭ್ಯ ಅದರಲ್ಲೇ ಇರುತ್ತದೆ, ಆದರೆ ಸೈಟಿನವರು ಅದನ್ನು ಸರಿಯಾಗಿ ಹಾಕಿರಬೇಕು. ಡಾಕ್ಟರ ಕೋಣೆಯ ಬಾಗಿಲ ಹಿಂದೆ ನಾಲ್ಕು ಜನ ಕಿವಿಕೊಟ್ಟು ನಿಂತ ಹಾಗೆ ಅನ್ನಿಸಿತು ನನಗೆ.

ಇನ್‌ಕಾಗ್ನಿಟೊದಿಂದ ಏನು ಉಪಯೋಗ ಅಂತ ಕೇಳಿದೆ. ಅದು ನಮ್ಮ ಮೊಬೈಲ್‌ನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಮುಚ್ಚಿದಾಗ ಕುಕಿಗಳನ್ನು, ಅಂದರೆ ನಮ್ಮನ್ನು ಗುರುತಿಸಲು ಸೈಟುಗಳು ಬ್ರೌಸರ್‌ನಲ್ಲಿ ಇಡುವ ಸಣ್ಣ ಫೈಲ್‌ಗಳನ್ನು, ಅಳಿಸುತ್ತದೆ, ಅಷ್ಟೇ. ನಾವೇ ಕೈಯಾರೆ ಬರೆದ ನಂಬರ್ ಅವರ ಕಡೆ ಉಳಿದೇ ಇರುತ್ತದೆ.

ಕರೆಗಳು ಪಿಕ್ಸೆಲ್‌ನಿಂದ ಬಂದದ್ದಲ್ಲ, ಅದನ್ನೂ ಹೇಳಿಬಿಡಬೇಕು. ಪಿಕ್ಸೆಲ್‌ನ ಕೆಲಸ ಜಾಹೀರಾತು. ಕರೆಗೆ ಕಾರಣ ಮೊದಲ ಪುಟದ ಕೆಳಗಿದ್ದ ಒಂದು ಸಾಲು. ಪುಟ ಕನ್ನಡದಲ್ಲಿತ್ತು, ಆ ಸಾಲು ಮಾತ್ರ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ನಾನು ಡಿಎನ್‌ಡಿಯಲ್ಲಿ (ಮಾರಾಟದ ಕರೆ ಬೇಡ ಅನ್ನುವವರ ಪಟ್ಟಿ) ಇದ್ದರೂ ಪರವಾಗಿಲ್ಲ, ಅವರೂ ಅವರ ಪಾಲುದಾರರೂ ಕರೆ ಮಾಡಬಹುದು ಅಂತ ಒಪ್ಪಿಗೆ. ಟಿಕ್ ಮೊದಲೇ ಬಿದ್ದಿತ್ತು. ಡಿಎನ್‌ಡಿ ಹಾಕಿಸಿದ್ದೇನೆ, ನನಗೇನು ಅಂತ ಧೈರ್ಯದಿಂದ ಇರುವವರು ಇದನ್ನು ಗಮನಿಸಿ. ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಅಂತ ಅವರು ತೋರಿಸಿದರೆ ಡಿಎನ್‌ಡಿ ಕೆಲಸಕ್ಕೆ ಬರುವುದಿಲ್ಲ.

ಇದು ನಮ್ಮ ಕಡೆ ಮಾತ್ರ ಅಂತಲ್ಲ. ಅಮೆರಿಕದಲ್ಲಿ ಬ್ಲೂ ಶೀಲ್ಡ್ ಆಫ್ ಕ್ಯಾಲಿಫೋರ್ನಿಯಾ ಅನ್ನುವ ದೊಡ್ಡ ಆರೋಗ್ಯ ವಿಮಾ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ತಾನೇ ಒಪ್ಪಿಕೊಂಡಿತು. ಸೈಟಿಗೆ ಬಂದವರು ಏನು ನೋಡಿದರು ಅಂತ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸನ್ನು ಅದರ ವೆಬ್‌ಸೈಟ್‌ನಲ್ಲಿ ತಪ್ಪಾಗಿ ಹೊಂದಿಸಿದ್ದರಿಂದ ಸದಸ್ಯರ ಮಾಹಿತಿ ಗೂಗಲ್‌ನ ಜಾಹೀರಾತು ವಿಭಾಗಕ್ಕೆ ಹೋಗಿರಬಹುದು ಅಂತ ತಿಳಿಸಿತು. 2021ರ ಏಪ್ರಿಲ್‌ನಿಂದ 2024ರ ಜನವರಿವರೆಗೆ ಇದು ನಡೆದಿತ್ತು. ಸುಮಾರು 47 ಲಕ್ಷ ಜನರಿಗೆ ಸಂಬಂಧಪಟ್ಟದ್ದು. ಪಾಲಿಸಿಯ ಹೆಸರು, ಊರು, ಯಾವ ಡಾಕ್ಟರನ್ನು ಹುಡುಕಿದರು ಅನ್ನುವುದೂ ಅದರಲ್ಲಿ ಸೇರಿತ್ತು. ಅಲ್ಲಿ ಕಂಪನಿಯೇ ಸದಸ್ಯರಿಗೆ ತಿಳಿಸಬೇಕಾಯಿತು. ನನಗೆ ಯಾರೂ ಏನೂ ತಿಳಿಸಲಿಲ್ಲ, ಚಿಕ್ಕಮ್ಮನ ಅಳು ಕೇಳಿ ಗೊತ್ತಾಯಿತು.

ಹಾಗಂತ ನಮಗೆ ಹಕ್ಕೇ ಇಲ್ಲ ಅಂತಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 80 ದಾಟಿದ ಮೇಲೆ ಹಾಕಿದ ಕೇಸು ಅದು. ಅದರ ಬಗ್ಗೆ ಓದುವಾಗ ನನಗೆ ಸ್ವಲ್ಪ ಬಲ ಬಂತು.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ಸ್ಪಷ್ಟವಾಗಿರಬೇಕು, ಗ್ರಾಹಕರೇ ಮುಂದಾಗಿ ಕೊಟ್ಟದ್ದಾಗಿರಬೇಕು. ಮೊದಲೇ ಬಿದ್ದ ಟಿಕ್ ಅದಕ್ಕೆ ಹೊಂದುವುದಿಲ್ಲ. ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲೂ ಆಗಬೇಕು. ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇನ್ನೊಂದು. ಮಾಹಿತಿ ಯಾಕೆ ತೆಗೆದುಕೊಳ್ಳುತ್ತಿದ್ದೇವೆ ಅನ್ನುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು. ಅದರಲ್ಲಿ ಕನ್ನಡವೂ ಇದೆ. ಆದರೆ ಕಾಯ್ದೆಯ ನಿಯಮಗಳು ಬಂದದ್ದೇ 2025ರ ನವೆಂಬರ್‌ನಲ್ಲಿ, ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಕೈಯಲ್ಲಿರುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಕಲಂ ಮತ್ತು 2011ರ ನಿಯಮಗಳು. ಆರೋಗ್ಯದ ಮಾಹಿತಿ ಸೂಕ್ಷ್ಮ ಮಾಹಿತಿ ಅಂತ ಅವು ಹೇಳುತ್ತವೆ. ಕೊಟ್ಟ ಒಪ್ಪಿಗೆಯನ್ನು ಬರವಣಿಗೆಯಲ್ಲಿ ವಾಪಸ್ ಪಡೆಯಬಹುದು. ಕಂಪನಿ ತನ್ನ ಕುಂದುಕೊರತೆ ಅಧಿಕಾರಿಯ ಹೆಸರು, ವಿಳಾಸವನ್ನು ವೆಬ್‌ಸೈಟ್‌ನಲ್ಲಿ ಹಾಕಿರಬೇಕು, ಆ ಅಧಿಕಾರಿ ಒಂದು ತಿಂಗಳೊಳಗೆ ದೂರು ಬಗೆಹರಿಸಬೇಕು.

ನಾನು ಆ ಅಧಿಕಾರಿಗೆ ಇಮೇಲ್ ಬರೆದೆ. ಒಪ್ಪಿಗೆ ವಾಪಸ್, ನಮ್ಮಿಬ್ಬರ ಮಾಹಿತಿ ಅಳಿಸಿ, ಯಾರ್ಯಾರಿಗೆ ಕೊಟ್ಟಿದ್ದೀರಿ ತಿಳಿಸಿ. ಮೂರೇ ಸಾಲು. ಒಂಬತ್ತು ದಿನಕ್ಕೆ ಉತ್ತರ ಬಂತು. ಅಳಿಸಿದ್ದೇವೆ ಅಂದರು. ಯಾರಿಗೆ ಕೊಟ್ಟರು ಅನ್ನುವುದಕ್ಕೆ ಉತ್ತರವಿಲ್ಲ, 'ನೀವು ನಿಯಮಗಳಿಗೆ ಒಪ್ಪಿದ್ದೀರಿ' ಅಂತ ಮಾತ್ರ ಇತ್ತು. ಆಮೇಲೆ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕಿದೆ. 155255ಕ್ಕೆ ಫೋನ್ ಮಾಡಿಯೂ ದೂರು ಕೊಡಬಹುದು. ಬೇಡದ ಮಾರಾಟದ ಕರೆಗಳ ಬಗ್ಗೆ ದೂರು ಕೊಡುವುದು 1909ಕ್ಕೆ. ಕರೆ ಬಂದ ಏಳು ದಿನದೊಳಗೆ ಕೊಡಬೇಕು, ನಂಬರ್, ತಾರೀಖು, ಏನು ಹೇಳಿದರು ಅನ್ನುವುದು ಬೇಕು. ಮಾರಾಟದ ಕರೆಗಳಿಗೆ 140ರಿಂದ ಶುರುವಾಗುವ ನಂಬರ್ ಸಾಲು ಇದೆ, ಮಾಮೂಲಿ ಮೊಬೈಲ್ ನಂಬರ್‌ನಿಂದ ಮಾಡುವ ಹಾಗಿಲ್ಲ. ದೂರಿನಲ್ಲಿ ಇದನ್ನು ಬರೆಯಿರಿ.

ಇಷ್ಟೆಲ್ಲ ಓದಿ ಯಾರಾದರೂ ಅರ್ಜಿಯಲ್ಲೇ ಕಾಯಿಲೆ ಮುಚ್ಚಿಟ್ಟರೆ ಅದು ಇನ್ನೂ ದೊಡ್ಡ ತಪ್ಪಾಗುತ್ತದೆ. ಪಾಲಿಸಿ ಕೊಳ್ಳುವಾಗ ತುಂಬುವ ಪ್ರಪೋಸಲ್ ಫಾರಂನಲ್ಲಿ ಎಲ್ಲವನ್ನೂ ನಿಜ ಹೇಳಲೇಬೇಕು, ಇಲ್ಲದಿದ್ದರೆ ಕ್ಲೈಮ್ ಸಮಯದಲ್ಲಿ ತಿರಸ್ಕರಿಸಬಹುದು. ನಾನು ಹೇಳುತ್ತಿರುವುದು ಅದಕ್ಕೂ ಮೊದಲಿನ ಹೆಜ್ಜೆ. ಸುಮ್ನೆ ಬೆಲೆ ಎಷ್ಟು ಅಂತ ನೋಡುವಾಗ ಕಾಯಿಲೆಯನ್ನೂ ಸ್ವಂತ ನಂಬರನ್ನೂ ಕೊಡಬೇಡಿ. ಕಂಪನಿಯ ಸ್ವಂತ ವೆಬ್‌ಸೈಟ್‌ನ ಡೌನ್‌ಲೋಡ್ ಭಾಗದಲ್ಲಿ ಪಾಲಿಸಿಯ ಪ್ರಾಸ್ಪೆಕ್ಟಸ್, ಅಂದರೆ ವಿವರಗಳ ಪುಸ್ತಿಕೆ, ಹುಡುಕಿ. ಎಷ್ಟೋ ಪಾಲಿಸಿಗಳ ಪ್ರಾಸ್ಪೆಕ್ಟಸ್‌ನಲ್ಲಿ ವಯಸ್ಸಿನ ಪ್ರಕಾರ ಪ್ರೀಮಿಯಂ ಪಟ್ಟಿ ಇರುತ್ತದೆ. ನಂಬರ್ ಕೊಡದೆ, ಒಟಿಪಿ ಇಲ್ಲದೆ ಓದಬಹುದು. ನನಗೆ ಮೊದಲೇ ಗೊತ್ತಿದ್ದರೆ ಆ ರಾತ್ರಿ ಅದನ್ನೇ ಓದುತ್ತಿದ್ದೆ. ಕುಕಿ ಕೇಳುವ ಪಟ್ಟಿ ಬಂದಾಗ 'ಎಲ್ಲ ಒಪ್ಪಿದೆ' ಒತ್ತುವ ಬದಲು ಬೇಡ ಅನ್ನುವುದನ್ನು ಹುಡುಕಿ. ಜಾಸ್ತಿ ಸಲ ಅದು ಇನ್ನೊಂದು ಬಟನ್‌ನ ಒಳಗೆ ಅಡಗಿರುತ್ತದೆ. ಫೈರ್‌ಫಾಕ್ಸ್‌ನಂಥ ಬ್ರೌಸರ್‌ನಲ್ಲಿ ಟ್ರ್ಯಾಕರ್ ತಡೆಯುವ ಸೆಟ್ಟಿಂಗನ್ನು 'ಸ್ಟ್ರಿಕ್ಟ್'ಗೆ ಇಟ್ಟರೆ ಪಿಕ್ಸೆಲ್‌ಗಳು ಬಹಳಷ್ಟು ನಿಲ್ಲುತ್ತವೆ. ಆದರೆ ಫಾರಂನಲ್ಲಿ ನೀವು ಬರೆದದ್ದು ಆ ಸೈಟಿಗೆ ಹೋಗುವುದನ್ನು ಅದು ತಡೆಯುವುದಿಲ್ಲ. ಇನ್ನು ಮನೆಯವರೆಲ್ಲ ಒಂದೇ ಅಕೌಂಟ್‌ನಲ್ಲಿ ಟ್ಯಾಬ್ ನೋಡುವ ಮನೆಯಾದರೆ ನೀವು ಹುಡುಕಿದ್ದರ ಜಾಹೀರಾತು ಅವರಿಗೂ ಕಾಣಬಹುದು.

ಕೊನೆಗೆ ಅಮ್ಮನ ಪಾಲಿಸಿಗೆ ಅರ್ಜಿ ಹಾಕಿದ್ದು ಒಂದು ಬ್ರಾಂಚ್ ಆಫೀಸಿಗೆ ಹೋಗಿ, ಕಾಗದದ ಮೇಲೆ. ಆಪರೇಷನ್ ವಿಷಯವನ್ನು ಅಮ್ಮನೇ ಸ್ವಂತ ಕೈಯಿಂದ ಬರೆದರು. ಬರೆಯುವ ಮೊದಲು ಪೆನ್ ಕೆಳಗಿಟ್ಟು, ಇದನ್ನು ಯಾರು ಯಾರು ನೋಡುತ್ತಾರೆ ಅಂತ ಅಲ್ಲಿದ್ದ ಅಧಿಕಾರಿಯನ್ನು ಕೇಳಿದರು. ಅವರು ಹೇಳುವವರೆಗೂ ಪೆನ್ ಎತ್ತಿಕೊಳ್ಳಲಿಲ್ಲ.

ಒಪ್ಪಿಗೆ ವಾಪಸ್ ಪಡೆಯುವ ಆ ಮೂರು ಸಾಲಿನ ಪತ್ರ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ನನ್ನ ಹತ್ತಿರ ಇದೆ. ಬೇಕಾದವರು ಕೇಳಿ, ಕಳಿಸುತ್ತೇನೆ. ನಿನ್ನೆ ಮಧ್ಯಾಹ್ನ ಮತ್ತೊಂದು ಕರೆ ಬಂತು, ಅಮ್ಮನ ವಯಸ್ಸು ಹೇಳಿಯೇ ಮಾತು ಶುರು ಮಾಡಿದರು. ನಂಬರ್, ತಾರೀಖು ಬರೆದುಕೊಂಡು 1909ಕ್ಕೆ ದೂರು ಕೊಟ್ಟಿದ್ದೇನೆ.