ಹುಣ್ಣಿಮೆಯ ವಾರದಲ್ಲಿ ಎಲ್ಕ್ ಬಿಲ್ಲುಬೇಟೆ: ಕೊಲರಾಡೊದ ಒಂದು ಗೈಡ್ ಸೇವೆಯ ವಿಮರ್ಶೆ

2024ರ ಸೆಪ್ಟೆಂಬರ್ 17ರ ಹುಣ್ಣಿಮೆಯ ಆಸುಪಾಸಿನಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ವೈಟ್ ರಿವರ್ ರಾಷ್ಟ್ರೀಯ ಅರಣ್ಯದಲ್ಲಿ ನಾನು ಪಡೆದ ಗೈಡ್ ಸೇವೆಯನ್ನು ಅದರ ಯೋಜನೆಯ ಜಾಣ್ಮೆಗಾಗಿ ಮನಸಾರೆ ಮೆಚ್ಚುತ್ತೇನೆ. ಬೆಳದಿಂಗಳಿನಲ್ಲಿ ದೊಡ್ಡ ಜಾತಿಯ ಜಿಂಕೆಗಳಾದ ಎಲ್ಕ್‌ಗಳು ರಾತ್ರಿಯಿಡೀ ಬಯಲಿನಲ್ಲಿ ಮೇಯ್ದು, ಬೆದೆಗೆ ಬಂದ ಗಂಡುಗಳು ಕತ್ತಲಲ್ಲೇ ಕೂಗಾಡಿ, ಬೆಳಕು ಹರಿಯುವಷ್ಟರಲ್ಲಿ ದಟ್ಟ ಮರಗಳ ನಡುವೆ ಸೇರಿಕೊಳ್ಳುತ್ತವೆ ಎಂಬುದು ಅನೇಕ ಬೇಟೆಗಾರರ ಅನುಭವ. ಆದರೆ ಅಲ್ಲಿನ ಕಾನೂನು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಬೇಟೆಗೆ ಅನುಮತಿ ನೀಡುತ್ತದೆ.

ಹೀಗಾಗಿ ನಮ್ಮ ಗೈಡ್ ನಸುಕಿನ ಓಡಾಟವನ್ನು ಮಿತಗೊಳಿಸಿ, ಉತ್ತರಕ್ಕೆ ಮುಖಮಾಡಿದ ತಂಪಾದ ಇಳಿಜಾರುಗಳಲ್ಲಿ, ಗಂಡು ಎಲ್ಕ್‌ಗಳು ಹೊರಳಾಡುವ ಕೆಸರುಹೊಂಡಗಳ ಬಳಿ ನಡುಹಗಲಿನಲ್ಲಿ ಕಾದು ಕೂರುವಂತೆ ಮಾಡಿದರು. ಬೆಳಗ್ಗೆ ಕಣಿವೆಯತ್ತ ಇಳಿಯುವ ಗಾಳಿ ಬಿಸಿಲೇರಿದಂತೆ ಮೇಲ್ಮುಖವಾಗುತ್ತದೆ. ಆ ತಿರುವು ಸ್ಥಿರವಾಗುವವರೆಗೆ ಅವರು ಯಾರನ್ನೂ ಹೊಂಡದ ಸಮೀಪಕ್ಕೆ ಬಿಡಲಿಲ್ಲ. ಮನುಷ್ಯನ ವಾಸನೆ ಒಮ್ಮೆ ತಾಗಿದರೆ ಎಲ್ಕ್ ನಿಲ್ಲುವುದಿಲ್ಲವಾದ್ದರಿಂದ, ಹತ್ತಿರದಿಂದಲೇ ಬಾಣ ಬಿಡಬೇಕಾದ ಈ ಬೇಟೆಯಲ್ಲಿ ಅಂತಹ ಶಿಸ್ತು ಚಂದ್ರನ ಲೆಕ್ಕಾಚಾರಕ್ಕಿಂತಲೂ ಮುಖ್ಯವೆಂದು ನನ್ನ ದೃಢ ಅಭಿಪ್ರಾಯ. ಸ್ಪಷ್ಟ ಗುರಿ ಸಿಗದಿದ್ದಾಗ ಬಾಣ ಬಿಡಬೇಡಿ ಎಂದು ಅವರು ತಡೆದದ್ದೂ ಗೌರವಾರ್ಹ.

ಡೇರೆ, ಊಟ ಸಾಧಾರಣವಾಗಿದ್ದವು. ಮಾಂಸ ಹೊರುವ ಕುದುರೆಗಳಿಗೆ ಪ್ರತ್ಯೇಕ ಶುಲ್ಕವಿದೆಯೆಂದು ಮುಂಗಡ ಪಡೆಯುವಾಗ ತಿಳಿಸದೇ ಇದ್ದದ್ದು ಮಾತ್ರ ಸರಿಯಲ್ಲ. ಸೆಪ್ಟೆಂಬರಿನ ಹಗಲಿನ ಬಿಸಿಗೆ ಮಾಂಸ ಬೇಗ ಕೆಡುವುದರಿಂದ, ಈ ಏರ್ಪಾಡನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.