ಇಂಪ್ಲಾಂಟ್ ಹಾಕಿದ್ದು ಚೆನ್ನಾಗಿತ್ತು, ಆಮೇಲೆ ತಿರುಗಿ ನೋಡಲಿಲ್ಲ

ಈ ಡೆಂಟಲ್ ಕ್ಲಿನಿಕ್‌ಗೆ ಐದರಲ್ಲಿ ಎರಡು ಸ್ಟಾರ್ ಕೊಡ್ತೀನಿ. ಎರಡೂ ಸರ್ಜರಿಗೆ ಮಾತ್ರ, ಅಂದ್ರೆ ಹಲ್ಲಿಲ್ಲದ ಜಾಗದಲ್ಲಿ ದವಡೆ ಮೂಳೆಗೆ ಬೇರಿನ ಬದಲು ಟೈಟಾನಿಯಂ ಸ್ಕ್ರೂ (ಇಂಪ್ಲಾಂಟ್) ಕೂರಿಸಿದ್ದಕ್ಕೆ. ಮೂಳೆ ಕೊರೆಯುವಾಗ ನೀರು ಬಿಡುತ್ತಾ ನಿಧಾನಕ್ಕೆ ಕೊರೆದರು. ಇದು ಮುಖ್ಯ, ಯಾಕಂದ್ರೆ ಮೂಳೆ ಒಂದು ನಿಮಿಷ 47 ಡಿಗ್ರಿ ದಾಟಿ ಬಿಸಿಯಾದರೂ ಅಲ್ಲಿ ಸಾಯಲು ಶುರುವಾಗುತ್ತದೆ, ಟೈಟಾನಿಯಂ ಸ್ಕ್ರೂ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಕೆಲವು ತಿಂಗಳು ಕಾದು ಆಮೇಲೇ ಅದರ ಮೇಲೆ ಕ್ಯಾಪ್, ಅಂದ್ರೆ ಕೃತಕ ಹಲ್ಲು, ಹಾಕಿದರು.

ತೊಂದರೆ ಶುರುವಾಗಿದ್ದು ಅಲ್ಲಿಂದ ಮುಂದೆ. ಬ್ರಶ್ ಮಾಡುವಾಗ ಆ ಒಂದು ಹಲ್ಲಿನ ಸುತ್ತ ಮಾತ್ರ ರಕ್ತ. ನೋವು ಒಂಚೂರೂ ಇಲ್ಲ. ಹೋಗಿ ಹೇಳಿದರೆ ಮೌತ್‌ವಾಶ್ ಬರೆದುಕೊಟ್ಟು ಕಳಿಸಿದರು. ವಸಡಿನ ಆಳ ಅಳೆಯಲಿಲ್ಲ, ಎಕ್ಸ್‌ರೇನೂ ತೆಗೆಯಲಿಲ್ಲ. ನನಗೆ ಸಿಟ್ಟು ಬಂದಿರೋದು ಇದಕ್ಕೇ.

ಕೊನೆಗೆ ಬೇರೆ ಕಡೆ ವಸಡಿನ ಸ್ಪೆಷಲಿಸ್ಟ್ ಒಬ್ಬರಿಗೆ ತೋರಿಸಿದೆ. ಅವರು ಕ್ಯಾಪ್ ಬಿಚ್ಚಿ, ವಸಡಿನೊಳಗಿಂದ ಸಾಸಿವೆ ಕಾಳಿನಷ್ಟು ಸಿಮೆಂಟ್ ಚೂರು ತೆಗೆದು ಗಾಜಿನ ಮೇಲಿಟ್ಟು ತೋರಿಸಿದರು. ಕ್ಯಾಪ್ ಅಂಟಿಸುವಾಗ ಒಳಗೆ ಜಾರಿದ್ದು, ಯಾರೂ ತೆಗೆದಿಲ್ಲ. ಅದರ ಒರಟು ಮೈಗೆ ಬ್ಯಾಕ್ಟೀರಿಯಾ ಕಚ್ಚಿಕೊಂಡು ಸೋಂಕು ಬೆಳೆದಿತ್ತು. ಎಕ್ಸ್‌ರೇಯಲ್ಲಿ ನೋಡಿದರೆ ಸ್ಕ್ರೂನ ಮೇಲ್ತುದಿಯ ಎರಡು ಸುತ್ತುಗಳ ಪಕ್ಕದಲ್ಲಿ ಮೂಳೆಯೇ ಇಲ್ಲ!

ನಮ್ಮ ಸ್ವಂತ ಹಲ್ಲಿನ ಬೇರಿಗೆ ವಸಡಿನ ನಾರುಗಳು ನೇರವಾಗಿ ನಾಟಿಕೊಂಡಿರುತ್ತವೆ, ಕೊಳೆ ಕೆಳಗಿಳಿಯದ ಹಾಗೆ ಸ್ವಲ್ಪ ಮಟ್ಟಿಗೆ ತಡೆಯುತ್ತವೆ, ಆದರೆ ಇಂಪ್ಲಾಂಟಿಗೆ ಆ ಹಿಡಿತ ಇಲ್ಲ, ನಾರುಗಳು ಸುಮ್ನೆ ಅದರ ಸುತ್ತ ಸುತ್ತಿಕೊಂಡಿರುತ್ತವೆ ಅಷ್ಟೇ, ಹಾಗಾಗಿ ಸೋಂಕು ಬೇಗ ಮೂಳೆ ತಲುಪುತ್ತದೆ. ಊತ ವಸಡಿನಲ್ಲೇ ಇದ್ದಾಗ ಕ್ಲೀನ್ ಮಾಡಿದರೆ ವಾಸಿಯಾಗುತ್ತದೆ. ಮೂಳೆಗೆ ಇಳಿದರೆ ಅದು ಪೆರಿ-ಇಂಪ್ಲಾಂಟೈಟಿಸ್, ಕರಗಿದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ಸ್ಕ್ರೂ ಅಲ್ಲಾಡುವವರೆಗೂ ಎಷ್ಟೋ ಜನರಿಗೆ ಗೊತ್ತೇ ಆಗಲ್ಲ.

ಸಿಗರೇಟ್ ಸೇದುವವರಿಗೆ, ಶುಗರ್ ಹಿಡಿತದಲ್ಲಿಲ್ಲದವರಿಗೆ, ಮೊದಲೇ ವಸಡಿನ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ. ಈ ಕ್ಲಿನಿಕ್‌ನಲ್ಲಿ ಇದ್ಯಾವುದನ್ನೂ ಕೇಳಲೇ ಇಲ್ಲ!

ಹಾಕಿಸಿಕೊಳ್ಳುವವರು ಮೊದಲೇ ಕೇಳಿ: ಕ್ಯಾಪ್ ಅಂಟಿಸ್ತೀರಾ, ಸ್ಕ್ರೂ ಹಾಕಿ ಕೂರಿಸ್ತೀರಾ? ಕ್ಯಾಪ್ ಹಾಕಿದ ದಿನವೇ ಎಕ್ಸ್‌ರೇ ತೆಗೆದು ಇಟ್ಟುಕೊಳ್ತೀರಾ? ಆ ಮೊದಲ ಎಕ್ಸ್‌ರೇ ಇಲ್ಲದಿದ್ದರೆ ಆಮೇಲೆ ಮೂಳೆ ಎಷ್ಟು ಕರಗಿದೆ ಅಂತ ಹೋಲಿಸೋದು ಹೇಗೆ? ಹಲ್ಲಿನ ಸಂದಿಗೆ ಹಾಕುವ ಸಣ್ಣ ಬ್ರಶ್ ಬಳಸೋದನ್ನು ನನಗೆ ಕಲಿಸಿದ್ದೂ ಎರಡನೇ ಡಾಕ್ಟರೇ. ಅವರು ಕ್ಲೀನ್ ಮಾಡಿದ ಮೇಲೆ ರಕ್ತ ನಿಂತಿದೆ, ಸ್ಕ್ರೂ ಸದ್ಯಕ್ಕೆ ಗಟ್ಟಿಯಾಗಿದೆ.