ಭಾನುವಾರದ ಊಟ, ಸವೆದ ಹೆಬ್ಬೆಟ್ಟು

ಹೋಟೆಲುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯುವುದು ಮುಂಬಯಿ ಪರೇಲಿನ ನಮ್ಮ ಚಾಳಿಗೆ (ಸಾಲು ಖೋಲಿಗಳ ಕಟ್ಟಡಕ್ಕೆ) ಪ್ರತಿ ಭಾನುವಾರ ಬರುವ ಹುಡುಗ ಹುಡುಗಿಯರ ಬಗ್ಗೆ. ಅವರಿಗೆ ಬೋರ್ಡಿಲ್ಲ, ಆಫೀಸಿಲ್ಲ, ಇರುವುದು ಒಂದು ವಾಟ್ಸಾಪ್ ಗುಂಪು ಮಾತ್ರ. ವಾರವಿಡೀ ನೌಕರಿ ಮಾಡಿ, ರಜೆಯ ದಿನ ಒಂಟಿ ಮುದುಕರಿಗೆ ಊಟ ತರುತ್ತಾರೆ, ಔಷಧಿ ತಂದುಕೊಡುತ್ತಾರೆ, ಕಾಗದಪತ್ರ ಮಾಡಿಸುತ್ತಾರೆ. ದುಡ್ಡು ಮುಟ್ಟುವುದಿಲ್ಲ.

ಮೊದಲು ಊಟ. ನಾನು ಕುಂದಾಪುರದ ಕಡೆಯವ. ಫೋರ್ಟಿನ ಒಂದು ಹೋಟೆಲಿನಲ್ಲಿ ನಾಲ್ಕು ವರ್ಷ ಕಪ್-ಬಶಿ ತೊಳೆದು, ಆಮೇಲೆ 30 ವರ್ಷ ದೋಸೆ ಕಾವಲಿಯ ಮುಂದೆ ನಿಂತವ. (ಏಳನೇ ಕ್ಲಾಸು ಮುಗಿಸಿದ್ದೂ ಅಲ್ಲಿಯ ಕನ್ನಡ ರಾತ್ರಿ ಶಾಲೆಯಲ್ಲೇ.) ಹಾಗಾಗಿ ಬಾಯುಪಚಾರಕ್ಕೆ ಹೊಗಳಲು ಬರುವುದಿಲ್ಲ. ಅನ್ನ ಚೆನ್ನಾಗಿ ಬೆಂದಿರುತ್ತದೆ, ಹಲ್ಲಿಲ್ಲದವರಿಗೂ ನಡೆಯುತ್ತದೆ. ಬೇಳೆ ಮಾತ್ರ ಸಪ್ಪೆ. "ಬಿಪಿಯವರಿದ್ದಾರೆ, ಉಪ್ಪು ಕಡಿಮೆ ಹಾಕಿದ್ದೇವೆ" ಎಂದರು. ಉಪ್ಪು ಕಡಿಮೆ ಮಾಡಿದರೆ ಹುಳಿ ಜಾಸ್ತಿ ಮಾಡಬೇಕಲ್ಲ ಮಾರಾಯ್ರೆ! ಒಗ್ಗರಣೆಗೆ ನಾಲ್ಕು ಎಸಳು ಬೆಳ್ಳುಳ್ಳಿ ಜಾಸ್ತಿ ಜಜ್ಜಿ ಹಾಕಿ, ಇಳಿಸುವಾಗ ಲಿಂಬೆ ಹಿಂಡಿ ಎಂದು ಹೇಳಿಕೊಟ್ಟೆ. ಮುಂದಿನ ವಾರ ಹಾಗೇ ಮಾಡಿಕೊಂಡು ಬಂದರು. ಲಿಂಬೆಯನ್ನು ಕುದಿಯುವಾಗಲೇ ಹಿಂಡಿದ್ದರಿಂದ ಸ್ವಲ್ಪ ಕಹಿಯಾಗಿತ್ತು, ಅದಿರಲಿ.

ಬರೆಯಲು ಕೂತದ್ದು ಹೆಬ್ಬೆಟ್ಟಿನ ಕಾರಣಕ್ಕೆ. ನನಗೆ ಪಿಎಫ್ ಪೆನ್ಶನ್ ಬರುತ್ತದೆ. ಅದರಲ್ಲಿ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ ಎಂದು 2014ರಲ್ಲಿ ಮಾಡಿದ್ದು. ನನ್ನದು ಅದಕ್ಕಿಂತ ಚೂರು ಮೇಲೆ. ಅಷ್ಟಕ್ಕೂ ಜೀವಂತ ಇದ್ದೇನೆ ಎಂದು ವರ್ಷಕ್ಕೊಮ್ಮೆ ಹಾಜರಿ ಹಾಕಬೇಕು. ಕಳೆದ ಸಲ ಬ್ಯಾಂಕಿನಲ್ಲಿ, ಯಾವುದೆಂದು ಹೇಳುವುದಿಲ್ಲ, ಹತ್ತೂ ಬೆರಳು ಒತ್ತಿಸಿದರು. ಪಾತ್ರೆ ತೊಳೆಯುವ ಸೋಡಾ ನೀರು, ಬಿಸಿ ಕಾವಲಿ ಎಲ್ಲ ತಿಂದು ಉಳಿದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? "ಬಾಬಾ, ನಾಳೆ ಬನ್ನಿ." ನಾಳೆಯೂ ಅದೇ. ಮೂರು ಮಾಳಿಗೆ ಇಳಿದು ಹತ್ತಿದ್ದೊಂದೇ ಲಾಭ. ಎರಡು ತಿಂಗಳು ದುಡ್ಡು ನಿಂತೇ ಹೋಯಿತು.

ಊಟ ತಂದ ಹುಡುಗಿಗೆ ಸುಮ್ಮನೆ ಹೇಳಿದ್ದು. ಅವಳು ಡಬ್ಬಿ ಕೆಳಗಿಟ್ಟು ಅಲ್ಲೇ ಕೂತಳು. 2021ರಿಂದ ಮುಖ ತೋರಿಸಿಯೂ ಆಗುತ್ತದಂತೆ! ಅವಳ ಫೋನಿನಲ್ಲಿ ಎರಡು ಆ್ಯಪ್, ಒಂದು ಆಧಾರಿನದು, ಇನ್ನೊಂದು ಪೆನ್ಶನ್‌ನವರು ಜೀವಂತ ಇದ್ದಾರೆಂದು ದಾಖಲೆ ಮಾಡುವ ಜೀವನ್ ಪ್ರಮಾಣ್. ಮಾಡಿಸಿಕೊಡುವವಳೆಂದು ಮೊದಲು ಅವಳ ಮುಖ, ಆಮೇಲೆ ನನ್ನದು. ಹಗಲಲ್ಲೂ ದೀಪ ಬೇಕಾಗುವ ಖೋಲಿ ನಮ್ಮದು, ಗೋಡೆಯೋ ಹೊಗೆ ಹಿಡಿದದ್ದು. ಕುರ್ಚಿಯನ್ನು ವರಾಂಡಕ್ಕೆ ಎಳೆದು, ನನ್ನ ಬಿಳಿ ಪಂಚೆಯನ್ನು ಹಿಂದೆ ಇಬ್ಬರು ಹಿಡಿದು ನಿಂತರು. ಕಣ್ಣು ಮಿಟುಕಿಸಿ ಎಂದಳು. ಪೊರೆ ತೆಗೆಸಿದ ಕಣ್ಣು, ಹೇಳಿದಾಗ ಮಿಟುಕುವುದಿಲ್ಲ, ಬಿಟ್ಟಾಗ ಮಿಟುಕುತ್ತದೆ. ಇಡೀ ಚಾಳು ನಗುತ್ತಿತ್ತು. ನಾಲ್ಕನೇ ಸಲಕ್ಕೆ ಆಯಿತು. ಬಂದ ದಾಖಲೆಯ ನಂಬರನ್ನು ಕ್ಯಾಲೆಂಡರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು, ಪಿಎಫ್ ಪೆನ್ಶನ್‌ನವರು ನವೆಂಬರಿನಲ್ಲೇ ಓಡಬೇಕಿಲ್ಲ, ವರ್ಷದಲ್ಲಿ ಯಾವಾಗ ಕೊಟ್ಟರೂ ಆ ದಿನದಿಂದ ಒಂದು ವರ್ಷ ನಡೆಯುತ್ತದೆ ಎಂದಳು. ಇಷ್ಟು ವರ್ಷ ನವೆಂಬರಿನ ನೂಕುನುಗ್ಗಲಲ್ಲಿ ನಿಂತದ್ದು ನೆನೆದು ಹೊಟ್ಟೆ ಉರಿಯಿತು. ನಿಂತಿದ್ದ ದುಡ್ಡು ಒಟ್ಟಿಗೇ ಬಂತು.

ಪಕ್ಕದ ಖೋಲಿಯ ಆಜಿಯದ್ದು ಇನ್ನೂ ಆಗಿಲ್ಲ. 65 ದಾಟಿದ ಬಡವರಿಗೆ ಮಹಾರಾಷ್ಟ್ರ ಸರಕಾರದ ಶ್ರಾವಣಬಾಳ ಯೋಜನೆಯಲ್ಲಿ ತಿಂಗಳಿಗೆ 1,500 ಬರುತ್ತದೆ. ಆದರೆ ಮನೆಯ ವರಮಾನ ವರ್ಷಕ್ಕೆ 21,000ದ ಒಳಗಿರಬೇಕು, ಅದಕ್ಕೆ ತಹಸೀಲ್ದಾರರ ದಾಖಲೆ ಬೇಕು. ಮುಂಬಯಿಯಲ್ಲಿ ಆ ಲೆಕ್ಕದಲ್ಲಿ ಬದುಕುವುದು ಹೇಗೋ ದೇವರಿಗೇ ಗೊತ್ತು! ಆದರೂ ಹುಡುಗರು ಪ್ರತಿ ವಾರ ಬಂದು "ಈ ವಾರವೂ ಆಗಲಿಲ್ಲ ಆಜಿ" ಎಂದು ಹೇಳಿಯೇ ಹೋಗುತ್ತಾರೆ. ಹೋಟೆಲಿನಲ್ಲಿ ಒಳ್ಳೆಯ ಸಪ್ಲೈಯರ್ ಯಾರೆಂದು ತಿಳಿಯುವುದು ಇಲ್ಲೇ. ದೋಸೆ ತಡವಾದರೆ ಕೆಟ್ಟವ ಗಿರಾಕಿಯ ಕಣ್ಣು ತಪ್ಪಿಸಿ ಓಡಾಡುತ್ತಾನೆ, ಒಳ್ಳೆಯವ ಟೇಬಲ್ಲಿಗೆ ಬಂದು ಹೇಳುತ್ತಾನೆ.

ದೂರುಗಳೂ ಇವೆ. ಹನ್ನೆರಡೂವರೆಯ ಊಟ ಎರಡು ಗಂಟೆಗೆ ಬಂದದ್ದುಂಟು. ಸಕ್ಕರೆ ಕಾಯಿಲೆಯವರಿಗೆ ಇದು ಆಗುವುದಿಲ್ಲ, ಮೊದಲೇ ಒಂದು ಫೋನ್ ಮಾಡಬಾರದೇ? ಹೊಸಬನೊಬ್ಬ ಡಬ್ಬಿ ಕೊಡುವ ಫೋಟೋ ತೆಗೆಯಲು ಹೊರಟ. ನಾನು ಕೈ ಹಿಂದೆ ತೆಗೆದೆ. ನಾವೂ ಸಾವಿರಾರು ಜನರಿಗೆ ಬಡಿಸಿದವರು, ಉಣ್ಣುವವನ ಮುಖಕ್ಕೆ ಯಾರೂ ಕ್ಯಾಮೆರಾ ಹಿಡಿದದ್ದಿಲ್ಲ. ಆ ಹುಡುಗಿಯೇ ಅವನಿಗೆ ಬಾಗಿಲ ಹೊರಗೆ ಏನೋ ಹೇಳಿದಳು, ಮತ್ತೆ ಫೋನ್ ಹೊರಬರಲಿಲ್ಲ.

ಗುಂಪಿನಲ್ಲಿ ಕನ್ನಡದವ ಒಬ್ಬನೇ, ಕಲಬುರಗಿ ಕಡೆಯವ. "ಅಜ್ಜಾರ, ಆರಾಮ ಅದೀರಿ?" ಎನ್ನುತ್ತಾನೆ. ನಾನು ಕುಂದಾಪ್ರ ಕನ್ನಡದಲ್ಲಿ ಉತ್ತರ ಕೊಟ್ಟರೆ ಅರ್ಧ ತಿಳಿಯದೆ ನಗುತ್ತಾನೆ.

ಇವರನ್ನು ಕರೆಯುವವರು ಆಧಾರ್, ಪೆನ್ಶನ್ ಆರ್ಡರಿನ ನಂಬರು, ಓಟಿಪಿ ಬರುವ ಫೋನು ಎದುರಿಗಿಟ್ಟುಕೊಂಡಿರಿ. ವಾರದ ನಡುವೆ ಏನಾದರೂ ಬೇಕಾದರೆ ಹಿರಿಯರ ಸರಕಾರಿ ಸಹಾಯವಾಣಿ 14567 ಇದೆ, ಅದನ್ನೂ ಅವರೇ ಬಾಗಿಲ ಹಿಂದೆ ಅಂಟಿಸಿ ಹೋಗಿದ್ದಾರೆ. ಬಿಳಿ ಪಂಚೆ ಇಲ್ಲದವರು ಮೂರನೇ ಮಾಳಿಗೆಗೆ ಬನ್ನಿ, ನನ್ನದನ್ನು ಒಗೆದಿಟ್ಟಿದ್ದೇನೆ.